ಬಿಚ್ಚಿ ಮತ್ತ ಹೊಲೀರಿ

ಅಕ್ಕನ ಬಾಯಿಯ ಎಡಬದಿಯಲ್ಲಿ ಯಾವಾಗ ನೋಡಿದರೂ ನಾಲ್ಕು ಗುಂಡುಸೂಜಿ, ನಮ್ಮ ಮಾತಿನಲ್ಲಿ ಟಾಚಣಿ, ಇರುತ್ತವೆ. ತುಟಿಗಳ ನಡುವೆ ಕಚ್ಚಿಕೊಂಡು, ಮಾತೆಲ್ಲ ಬಲಬದಿಯಿಂದ ಆಡುತ್ತಾಳೆ. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ, ನುಂಗಿಗಿಂಗಿ ಬಿಟ್ಟಾಳು ಅಂತ. ಆಕೆಗೆ ಅದರ ಖಬರೇ ಇಲ್ಲ. ನಕ್ಕರೂ ಬೀಳುವುದಿಲ್ಲ, ಬೈದರೂ ಬೀಳುವುದಿಲ್ಲ. ಯಾರಾದರೂ ಪುಸ್ತಕದ ಮಾತು ತೆಗೆದರೆ ಮಾತ್ರ ಒಂದೊಂದನ್ನೇ ತೆಗೆದು ಸೆರಗಿಗೆ ಚುಚ್ಚಿ, ಮಷಿನ್ನಿನ ಪೆಡಲ್ ಮೇಲಿನ ಕಾಲು ನಿಲ್ಲಿಸಿ, "ಹೂಂ, ಹೇಳ್ರಿ" ಅನ್ನುತ್ತಾಳೆ.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಹೊಲಿಗೆ ಅಂಗಡಿ. ಅಂಗಡಿಗೊಂದು ಬೋರ್ಡಿದೆ, ಯಾರೂ ಓದುವುದಿಲ್ಲ. ಹೊಲಿಗಿ ಅಕ್ಕನ ಅಂಗಡಿ ಎಂದರೆ ಸಾಕು, ಆಟೋದವರು ತಂದು ಬಾಗಿಲಿಗೇ ಇಳಿಸುತ್ತಾರೆ. ನಾನು ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವಾಕೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ನನಗೆ ಸಂಜೆ ಇಳಿದ ಮೇಲೆ ಮನೆಗಿಂತ ಮೊದಲು ಕಾಲು ಎಳೆಯುವುದು ಆ ಅಂಗಡಿಯ ಕಡೆಗೇ.

ಅಲ್ಲಿ ಅಳತೆ ಪಟ್ಟಿ ತೂಗುಬಿಟ್ಟ ಗೋಡೆಯ ಮೇಲೆ ಒಂದು ಹಲಗೆ, ಹಲಗೆಯ ತುಂಬ ಪುಸ್ತಕ. ಅವು ಬಂದ ರೀತಿಯೂ ಮಜಾ ಇದೆ. ಬಟ್ಟೆ ಕತ್ತರಿಸುವ ಮೊದಲು ಅಳತೆಗೆ ಸರಿಯಾಗಿ ಕಾಗದ ಕತ್ತರಿಸಿಕೊಳ್ಳಬೇಕಲ್ಲ, ಅದಕ್ಕಾಗಿ ಅಕ್ಕ ರದ್ದಿ ಅಂಗಡಿಯಿಂದ ಹಳೇ ಪೇಪರು ತರುತ್ತಿದ್ದಳು. ಗಂಟಿನೊಳಗೆ ಆಗಾಗ ಒಂದೊಂದು ಪುಸ್ತಕ ಸೇರಿಕೊಂಡು ಬರುತ್ತಿತ್ತು. ಪೇಪರಿಗೆ ಹಾಕಿದ ಕತ್ತರಿ ಪುಸ್ತಕಕ್ಕೆ ಹಾಕಲು ಕೈ ಬರಲಿಲ್ಲವಂತೆ. ಹಾಗೆ ಉಳಿದ ಪುಸ್ತಕಗಳಲ್ಲಿ ರಟ್ಟು ಹೋದ ಕಾದಂಬರಿ, ಪತ್ತೇದಾರಿ ಕಥೆ, ದನಗಳ ರೋಗದ ಪುಸ್ತಕ, ಕವಿತೆ, ಅಡುಗೆ ಎಲ್ಲ ಇದ್ದವು. ಜಂಪರು ಹೊಲಿಯಲು ಕೊಟ್ಟು ಕಾಯುತ್ತ ಕೂತ ಹೆಂಗಸರು ಕೈಗೆತ್ತಿಕೊಂಡರು, ಮುಗಿಯಲಿಲ್ಲವೆಂದು ಮನೆಗೆ ಒಯ್ದರು.

ಒಯ್ಯುವುದಕ್ಕೆ ಏನೂ ಕೊಡಬೇಕಿಲ್ಲ, ವಾಪಸ್ ತರುವಾಗ ಅಭಿಪ್ರಾಯ ಹೇಳಬೇಕು. ಅಕ್ಕ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಚೀಟಿಯ ಹಿಂಬದಿಗೆ, ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಕೊನೇ ಪುಟಕ್ಕೆ ಟಾಚಣಿ ಚುಚ್ಚುತ್ತಾಳೆ. ಹೇಳಿದವರ ಹೆಸರು ಹಾಕುವುದಿಲ್ಲ. ಜಂಪರಿನ ಅಳತೆ, ತಕರಾರು ಬರೆಯುವುದೂ ಅದೇ ಕ್ಯಾಲೆಂಡರ್ ಚೀಟಿಯಲ್ಲಿ, ಅಲ್ಲಿಯೂ ಹೆಸರಿಲ್ಲ. ಬಟ್ಟೆ ನೋಡಿದರೆ ಮಂದಿ ಗುರುತು ಸಿಗುತ್ತಾರೆ, ಹೆಸರು ಯಾಕೆ ಬೇಕು ಅಂತ ಆಕೆಯ ವಾದ.

ಆ ಚೀಟಿಗಳನ್ನು ಓದಲಿಕ್ಕೇ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಮೂರುನೂರು ಪುಟದ ಒಂದು ಪ್ರೇಮ ಕಾದಂಬರಿಗೆ ಯಾರೋ ಹೇಳಿದ್ದರು: "ಈ ಹುಡುಗಿ ಮೊದಲಿಂದ ಕಡೀತನಾ ಅಳತಾಳ, ಒಂದ ದಿನಾನೂ ರೊಟ್ಟಿ ಬಡಿಯಂಗಿಲ್ಲ. ಅವರ ಮನ್ಯಾಗ ಉಣತಾರೋ ಇಲ್ಲೋ?" ಪತ್ತೇದಾರಿ ಕಥೆಯ ಬೆನ್ನಿಗೆ, ಕೊಲೆ ಮಾಡಿದವ ಯಾರೆಂದು ತನಗೆ ಮೂರನೇ ಪುಟದಲ್ಲಿ ಗೊತ್ತಾಯಿತು, ಪೊಲೀಸರಿಗೆ ಕಡೇ ಪುಟದಲ್ಲಿ, ಅವರಿಗೆ ಪಗಾರ ಯಾಕೆ ಕೊಡುತ್ತಾರೆ ಅಂತ ಕೇಳಿದ ಚೀಟಿ. ತೆಂಕಣದ ಕಡೆಯ ಅಡುಗೆ ಪುಸ್ತಕಕ್ಕೆ, "ಎಲ್ಲಾದಕ್ಕೂ ತೆಂಗಿನಕಾಯಿ ಹಾಕು ಅಂತಾರ. ನಾ ಶೇಂಗಾ ಪುಡಿ ಹಾಕಿದೆ. ಪುಸ್ತಕ ಸುಧಾರಿಸ್ತು." ದನಗಳ ರೋಗದ ಪುಸ್ತಕವನ್ನು ಒಬ್ಬಾಕೆ ಕಾದಂಬರಿಯ ಹಾಗೇ ಓದಿದ್ದಳು, ಎಮ್ಮೆ ಉಳಿಯುತ್ತದೋ ಇಲ್ಲವೋ ಅಂತ ಜೀವ ಕೈಯಲ್ಲಿ ಹಿಡಿದು. ಕವಿತೆಗೆ ಬಂದ ಚೀಟಿಯನ್ನು ಮಾತ್ರ ಹೋದಾಗೆಲ್ಲ ತೆಗೆದು ಓದುತ್ತಿದ್ದೆ. ಸಾಲು ಗಿಡ್ಡ, ಹಾಳೆ ಖಾಲಿ ಬಿಟ್ಟಿದ್ದಾರೆ, ಆದರೆ ಆ ಖಾಲಿ ಜಾಗದಾಗ ನನಗ ನಮ್ಮವ್ವ ನೆನಪಾದಳು ಅಂತ ಅದರಲ್ಲಿತ್ತು.

ಒಮ್ಮೊಮ್ಮೆ ಪುಸ್ತಕ ಇಂಡಿಗೆ ಕೊಟ್ಟ ಮಗಳ ಚೀಲದಲ್ಲಿ ನಿಂಬೆಹಣ್ಣಿನ ಊರು ನೋಡಿ, ಮುದ್ದೇಬಿಹಾಳದ ನಾದಿನಿಯ ಕೈಗೆ ಹೋಗಿ, ಬಸವನ ಬಾಗೇವಾಡಿಯಲ್ಲಿ ಯಾರದೋ ಬಾಣಂತನ ಮುಗಿಸಿ ಆರು ತಿಂಗಳ ಮೇಲೆ ಮರಳುತ್ತಿತ್ತು. ಮೈತುಂಬ ಚೀಟಿ. ಅವನ್ನೆಲ್ಲ ಓದುತ್ತ ಅಕ್ಕ ಆವತ್ತು ಕತ್ತರಿ ಮುಟ್ಟುತ್ತಿರಲಿಲ್ಲ.

"ಛಲೋ ಐತಿ" ಅಂದರೆ ಮಾತ್ರ ಆಕೆ ಬರೆದುಕೊಳ್ಳುವುದಿಲ್ಲ. ಅದು ಅಭಿಪ್ರಾಯ ಅಲ್ಲ, ಮನೆಗೆ ಬಂದವರಿಗೆ ಬರ್ರಿ ಕುಂದರ್ರಿ ಅಂದ ಹಾಗೆ, ಅಷ್ಟೇ. ಒಮ್ಮೆ ಲಗ್ನದ ಹಿಂದಿನ ದಿನ ಮದುಮಗಳ ಚಿಕ್ಕಮ್ಮ ಜಂಪರು ಒಯ್ಯಲು ಬಂದು, ಕಾದಂಬರಿ ಹಲಗೆಗಿಟ್ಟು, ಛಲೋ ಐತ್ರಿ ಅಂದುಬಿಟ್ಟಳು. ಕಡೀಗೆ ಏನಾತು ಅಂತ ಅಕ್ಕ ಕೇಳಿದಳು. ಆಕೆ ತಡವರಿಸಿದಳು. ಜಂಪರು ಮಡಿಲಲ್ಲಿಟ್ಟುಕೊಂಡ ಅಕ್ಕ ಸ್ಟೂಲು ತೋರಿಸಿದಳು. ಉಳಿದ ಇಪ್ಪತ್ತು ಪುಟ ಅಲ್ಲೇ ಕೂತು ಓದಿಸಿದಳು. ಹೊರಗೆ ಟಂಟಂ ನಿಂತು ಹಾರ್ನ್ ಹೊಡೆಯುತ್ತಿತ್ತು. ಆ ಹೆಣ್ಣುಮಗಳು ಮುಗಿಸಿ ಕಣ್ಣೊರೆಸಿಕೊಂಡು, "ಸಾಯಬಾರದಿತ್ರಿ ಆಂವ" ಅಂದ ಮೇಲೆಯೇ ಜಂಪರು ಕೈ ಸೇರಿದ್ದು. ನಾನು ನಕ್ಕು ನಕ್ಕು ಬಸ್ಸು ತಪ್ಪಿಸಿಕೊಂಡವಳ ಹಾಗೆ ಅಲ್ಲೇ ಕೂತಿದ್ದೆ.

ಇನ್ನು ನನ್ನ ಕಥೆ. ನಾನೂ ಒಂದು ಪುಸ್ತಕ ಬರೆದೆ. ಒಂಬತ್ತು ಕಥೆ, ನಾನೇ ಅಚ್ಚು ಹಾಕಿಸಿದ್ದು. ಸಾಲಿಯಲ್ಲಿ ಎಲ್ಲರಿಗೂ ಹಂಚಿದೆ. ಎಲ್ಲರೂ ಛಲೋ ಐತಿ ಟೀಚರ್ ಅಂದರು. ಒಬ್ಬರು ಮುಖಪುಟ ಭಾರಿ ಅಂದರು. ಇನ್ನೊಬ್ಬರು ಎರಡೇ ದಿನದಲ್ಲಿ ಮುಗಿಸಿದೆ ಅಂದರು, ಅವರ ಪ್ರತಿಯ ಒಳಗೆ ಅಂಟಿಕೊಂಡ ಹಾಳೆಗಳು ಇನ್ನೂ ಅಂಟಿಕೊಂಡೇ ಇದ್ದವು. ನನಗೋ ಮೂಗಿನ ತುದಿಗೇ ಸಿಟ್ಟು. ಇನ್ನೊಂದು ಪುಸ್ತಕಕ್ಕೆ ಆಗುವಷ್ಟು ಕಥೆ ಬರೆದ ನೋಟುಬುಕ್ಕು ಆಗಲೇ ತಯಾರಿತ್ತು. ಒಬ್ಬರಾದರೂ ಖರೇ ಮಾತು ಹೇಳಿದರೆ ಮುಂದೆ ಬರೆಯುವುದು, ಇಲ್ಲವಾದರೆ ಆ ನೋಟುಬುಕ್ಕು ಅಟ್ಟಕ್ಕೆ, ನಾನು ಪರೀಕ್ಷೆಯ ಪೇಪರು ತಿದ್ದಿಕೊಂಡು ಇರುವುದು ಅಂತ ನಿಶ್ಚಯ ಮಾಡಿದೆ. ಹಾಗೇ ಅಕ್ಕನಿಗೆ ಹೇಳಿ ಪುಸ್ತಕ ಹಲಗೆಯ ಮೇಲಿಟ್ಟು ಬಂದೆ. ಆಕೆ ಆಗಲ್ರಿ ಅಂದಳು, ಅಷ್ಟೇ.

ಚೀಟಿ ಬರುವ ತನಕ ಆ ಕಡೆ ಹಾಯಬಾರದು ಅಂತ ತಡೆದುಕೊಂಡು, ಲಗ್ನದ ಸೀಜನ್ ಮುಗಿಯುವ ಹೊತ್ತಿಗೆ ಹೋದೆ. ಅಕ್ಕ ಬಟ್ಟೆ ಗುಡ್ಡದ ಹಿಂದೆ ಕಾಣುತ್ತಲೇ ಇರಲಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿತ್ತು, ಚೀಟಿಗಳು ನೆಲದ ತುಂಬ ಹಾರಾಡುತ್ತಿದ್ದವು, ಆಕೆ ಹೆಕ್ಕಿ ಹೆಕ್ಕಿ ಮತ್ತೆ ಚುಚ್ಚುತ್ತಿದ್ದಳು. ನನ್ನ ಪುಸ್ತಕ ಹಲಗೆಯ ಮೇಲಿತ್ತು, ಕೊನೇ ಪುಟದಲ್ಲಿ ಒಂದೇ ಒಂದು ಚೀಟಿ. ಓದಿದೆ.

"ಕುತ್ತಿಗಿ ಭಾಳ ಆಳ ಆಗೈತಿ, ಮುಚ್ಚಬೇಕಾಗಿದ್ದೆಲ್ಲಾ ಕಾಣತೈತಿ. ಬೆನ್ನಾಗ ಸಡ್ಲ. ತೋಳು ಉದ್ದ ಆಗ್ಯಾವ, ಕೆಲಸಕ್ಕ ಅಡ್ಡ ಬರತಾವ. ತೊಟ್ಟರ ಬ್ಯಾರೇದಾಕಿದು ತೊಟ್ಟಾಂಗ ಅನಸತೈತಿ. ಬಿಚ್ಚಿ ಮತ್ತ ಹೊಲೀರಿ."

ಆ ಅಂಗಡಿಯಲ್ಲಿ ಎಷ್ಟೋ ಮಂದಿ ಪುಸ್ತಕದ ಬಗ್ಗೆಯೂ ಹೊಲಿಗೆಯ ಮಾತಿನಲ್ಲೇ ಹೇಳುತ್ತಿದ್ದರು. ನಡುವೆ ಬಿಗಿ, ಅಸ್ತರ ಹಾಕಿಲ್ಲ, ಫಿಟಿಂಗ್ ಬರೋಬರಿ ಐತಿ ಅಂತ. ಹಾಗಾಗಿ ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಖರೇ ಮಾತು ಬೇಕು ಅಂದವಳೇ ನಾನು, ಸಿಕ್ಕಾಗ ತಡೆದುಕೊಳ್ಳಲು ಆಗಲಿಲ್ಲ. ಚೀಟಿ ಕಿತ್ತುಕೊಂಡು ಮನೆಗೆ ಹೋದೆ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೇ ದಿನ ಅಕ್ಕನ ಮುಂದೆ ಹಿಡಿದು, ಇದನ್ನು ಹೇಳಿದಾಕೆ ಯಾರು, ಆಕೆ ಒಂದು ಕಥೆ ಬರೆದು ತೋರಿಸಲಿ ಅಂತ ಜಗಳಕ್ಕೇ ನಿಂತೆ.

ಅಕ್ಕ ಚೀಟಿ ಇಸಗೊಂಡು ಓದಿದಳು. ಮತ್ತೊಮ್ಮೆ ಓದಿದಳು. ನನ್ನ ಮುಖ ನೋಡಿದಳು. ಬಾಯಿಯ ಟಾಚಣಿ ಒಂದೊಂದೇ ಸೆರಗಿಗೆ ಹೋದವು.

"ಹೊಲಿಯೂದು ಎಲ್ಲಾರಿಗೂ ಬರತೈತಿ, ಟೀಚರ್ರ. ನಿಮಗ ಬಿಚ್ಚಾಕ ಬರತೈತೇನು?"

ಚೀಟಿ ಇಸಗೊಂಡು ಹೊರಬಿದ್ದೆ. ಮನೆಗೆ ಬಂದು ಆ ನೋಟುಬುಕ್ಕು ತೆರೆದೆ, ಆಕೆಗೆ ಬಿಚ್ಚಿ ತೋರಿಸಿಯೇ ಬಿಡುತ್ತೇನೆ ಅನ್ನುವ ಹಟದಿಂದ. ತೋಳು ಉದ್ದ ಅಂದರೆ ಏನು ಅಂತ ಹುಡುಕಿದೆ. ಒಂದು ಕಥೆಯಲ್ಲಿ ಹೆಂಗಸು ಬಾಗಿಲು ತೆಗೆಯುವ ಮೊದಲು ಮೂರು ಪುಟ ಸೂರ್ಯ ಹುಟ್ಟುತ್ತಿದ್ದ. ಕತ್ತರಿಸಿದೆ. ಇನ್ನೊಂದರಲ್ಲಿ ಎಲ್ಲರೂ ಮನಸ್ಸಿನಲ್ಲಿದ್ದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ಕುತ್ತಿಗೆ ಮುಚ್ಚಿದೆ. ಕಡೆಯ ಮಾತು ಮಾತ್ರ ಬಹಳ ದಿನ ಚುಚ್ಚಿತು, ಬೇರೆಯವರದು ತೊಟ್ಟ ಹಾಗೆ ಅಂದದ್ದು. ಹಿಪ್ಪರಗಿಯ ತೊಗರಿ ಹೊಲದಲ್ಲಿ ನಿಂತ ನನ್ನ ಹೆಂಗಸು "ನನ್ನ ಮನಸ್ಸು ಇಂದೇಕೋ ಭಾರವಾಗಿದೆ" ಅನ್ನುತ್ತಿದ್ದಳು. ಯಾವಾಕೆ ಅನ್ನುತ್ತಾಳೆ ಹಾಗೆ? "ಯಾಕೋ ಸಂಕಟ ಆಗಾಕತ್ತೈತಿ" ಅನ್ನುತ್ತಾಳೆ, ಇಲ್ಲ ಸುಮ್ಮನೆ ಕುಡಗೋಲು ಎತ್ತಿಕೊಳ್ಳುತ್ತಾಳೆ. ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂತು ಮಾತಾಡುವ ಹೆಂಗಸರನ್ನು ಬಿಟ್ಟು, ಓದಿದ ಪುಸ್ತಕಗಳ ಹೆಂಗಸರನ್ನು ತಂದು ಹೊಲದಲ್ಲಿ ನಿಲ್ಲಿಸಿದ್ದೆ. ನಾಚಿಕೆಯಾಯಿತು. ಒಂದೂವರೆ ವರ್ಷ ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ.

ಎರಡನೇ ಪುಸ್ತಕ ಹಲಗೆಗೆ ಬಂದ ಮೇಲೆ ಚೀಟಿಗಳು ಬರತೊಡಗಿದವು. ನಾಲ್ಕನೇ ಕಥೆಯ ಸೊಸೆ ತಿರುಗಿ ಎರಡು ಬಿಡಬೇಕಿತ್ತು ಅಂತ ಒಬ್ಬಾಕೆ, ಬ್ಯಾಡ, ಆಕೆ ಸುಮ್ಮನಿದ್ದದ್ದಕ್ಕೇ ಅತ್ತಿ ಅಂಜಿದಳು ಅಂತ ಇನ್ನೊಬ್ಬಾಕೆ. ಈ ಟೀಚರ್ ನಮ್ಮ ಓಣಿಯ ಸುದ್ದಿ ಹೆಂಗ ಕೇಳಿಸಿಕೊಂಡರು ಅಂತ ಮುದ್ದೇಬಿಹಾಳದಿಂದ ಒಂದು ಚೀಟಿ, ಆ ಊರಿಗೆ ನಾನು ಹೋದವಳೇ ಅಲ್ಲ. ಅಂಗಡಿಯಲ್ಲೇ ಕೂತು ಓದುತ್ತ ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಹಾಗೆ ಕೂತಿದ್ದ ಒಂದು ಸಂಜೆ ಕನ್ನೊಳ್ಳಿಯ ಒಬ್ಬ ಅಜ್ಜಿ ಮೊಮ್ಮಗಳ ಲಂಗ ಹೊಲಿಸಲು ಬಂದಳು. ಅಂಗಡಿ ತುಂಬ ಮಂದಿ. ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಅಕ್ಕನ ಮಾನ ತೆಗೆಯತೊಡಗಿದಳು. ಎರಡು ವರ್ಷದ ಹಿಂದೆ ತಾನು ಜಂಪರು ರಿಪೇರಿಗೆ ಕೊಟ್ಟಿದ್ದೆ, ಸೊಸೆ ಬಂದು ಗಂಟು ಒಯ್ದಳು, ಬಿಚ್ಚಿ ನೋಡಿದರೆ ಒಂದು ಹೊಲಿಗೆಯೂ ಹಾಕಿಲ್ಲ, ಮೇಲೆ "ಛಲೋ ಐತಿ" ಅಂತ ಚೀಟಿ ಬೇರೆ ಚುಚ್ಚಿದ್ದಾಳೆ, ತಕರಾರು ತಗೊಂಡು ಹೋದರೆ ಇವಳೇ ತನಗೆ ಶಹಬ್ಬಾಸ್ ಅಂದುಕೊಂಡಳು ಅಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ, ನಿನ್ನ ತಕರಾರಾದರೂ ಏನಿತ್ತು ಆಯಿ ಅಂತ ಕೇಳಿದೆ.

ಅಜ್ಜಿ ಬೆರಳು ಮಡಚುತ್ತ ಹೇಳಿದಳು. ಕುತ್ತಿಗಿ ಆಳ. ಬೆನ್ನಾಗ ಸಡ್ಲ. ತೋಳು ಉದ್ದ. ತೊಟ್ಟರ ಬ್ಯಾರೇದಾಕಿದು ತೊಟ್ಟಾಂಗ.

ನನ್ನ ನಗು ಅಲ್ಲೇ ನಿಂತಿತು. ಅಕ್ಕನ ಕಡೆ ನೋಡಿದೆ. ಆಕೆ ತಲೆ ತಗ್ಗಿಸಿ ಇಲ್ಲದ ಗಂಟನ್ನು ದಾರದಿಂದ ಬಿಡಿಸುತ್ತಿದ್ದಳು. ಹಾಗಾದರೆ ಫ್ಯಾನಿನ ಗಾಳಿಗೆ ಅದಲುಬದಲಾಗಿ ಜಂಪರಿಗೆ ಹೋದ ಆ "ಛಲೋ ಐತಿ" ನನ್ನ ಪುಸ್ತಕದ್ದು. ಯಾರೇ ಅಂದರೂ ಬರೆದುಕೊಳ್ಳದ ಆ ಮಾತನ್ನು ಆಕೆಯೇ ಹೇಳಿ, ಆಕೆಯೇ ಬರೆದಿದ್ದಳು. ಮತ್ತು ನಾನು ಚೀಟಿ ಹಿಡಿದು ಜಗಳಕ್ಕೆ ಹೋದ ದಿನ, ಎರಡು ಸಲ ಓದಿದಾಗಲೇ ಆಕೆಗೆ ಎಲ್ಲ ತಿಳಿದಿತ್ತು.

ಅಕ್ಕಾ, ನೀವೇನ್ರಿ ಆ ಛಲೋ ಐತಿ ಅಂದವರು ಅಂತ ಕೇಳಿದೆ.

"ಹೌದ್ರಿ. ನಿಮ್ಮ ಮೊದಲಿನ ಪುಸ್ತಕ ನನಗ ಹಿಡಸಲಿಲ್ಲ, ಟೀಚರ್ರ. ಖರೇ ಹೇಳಿದ್ರ ಎಲ್ಲಿ ಬರಿಯೂದು ಬಿಡತೀರಿ ಅಂತ ಅಂಜಿ ಸುಳ್ಳ ಬರದೆ." ಆಕೆ ಮೊದಲ ಸಲ ನನ್ನ ಕಣ್ಣು ತಪ್ಪಿಸಿದಳು. "ಮುಂದಿಂದು ನನಗ ಓದಾಕ ಬೇಕಾಗಿತ್ತು."

ಖರೇ ಹೇಳುವವರು ಒಬ್ಬರಾದರೂ ಬೇಕು ಅಂತ ಹಟ ಹಿಡಿದಿದ್ದವಳು ನಾನು. ನಾನು ಇನ್ನೂ ಬರೆಯದ ಪುಸ್ತಕಕ್ಕಾಗಿ ಆ ಓಣಿಯಲ್ಲಿ ಒಬ್ಬಾಕೆ ತನ್ನ ನೇಮವನ್ನೇ ಮುರಿದು ಕಾಯುತ್ತಿದ್ದಾಳೆ ಅನ್ನುವುದು ಕನಸಿನಲ್ಲೂ ಹೊಳೆದಿರಲಿಲ್ಲ. ಈಗ ಮೂರನೆಯದು ಬರೆಯುತ್ತಿದ್ದೇನೆ. ಯಾರಿಗಾಗಿ ಅಂತ ಕೇಳಿದರೆ ನನಗೆ ಯೋಚಿಸಬೇಕಾಗಿಲ್ಲ.

ಆವತ್ತು ಅಷ್ಟು ಮಂದಿಯ ಎದುರಿಗೇ ನಾನು ಅತ್ತುಬಿಟ್ಟೆ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಕನ್ನೊಳ್ಳಿಯ ಅಜ್ಜಿ ಮಾತ್ರ, ಇದೆಲ್ಲ ತನ್ನ ಜಂಪರಿನ ಸಂಕಟಕ್ಕೇ ಅಂತ ತಿಳಿದು, ಎದ್ದು ಬಂದು ನನ್ನ ಬೆನ್ನು ಸವರಿದಳು.

"ಅಳಬ್ಯಾಡ ಬಿಡ, ಯವ್ವಾ. ನನಗ ರೂಢಿ ಆಗೈತಿ. ಸಡ್ಲ ಇದ್ರ ಬ್ಯಾಸಿಗ್ಯಾಗ ಗಾಳಿ ಆಡತೈತಿ."