ಎಣ್ಣೆಗೆ ಬರುವ ಚೌಕಟ್ಟುಗಳು
ಕಾಪುವಿನ ಮೂಕಾಂಬಿಕಾ ಟೀಚರ್ ತಂದ, ತುಕ್ಕು ಹಿಡಿದ ಕಬ್ಬಿಣದ ಚೌಕಟ್ಟನ್ನು ಸಂತೆಕಟ್ಟೆಯ ಶೀನ ಆಚಾರ್ರು ಮೂಗಿನ ಹತ್ತಿರ ಹಿಡಿದು ಮೂಸಿದರು. "ಎಂತ ಟೀಚರೇ, ಸಮುದ್ರವನ್ನೇ ಮನೆಯೊಳಗೆ ಕೂರಿಸಿದ್ದೀರಾ?" ಎಂದರು. ಚಿತ್ರಗಳಿಗಾಗಿ ಕಬ್ಬಿಣ ಕಾಯಿಸಿ, ಬಡಿದು, ಬಳ್ಳಿಯಂತೆ ತಿರುಚಿ ಚೌಕಟ್ಟು ಮಾಡುವ ಆಚಾರ್ರು ಗಿರಾಕಿಯ ಹೆಸರಿಗಿಂತ ಮೊದಲು ಮನೆಯಿಂದ ಸಮುದ್ರ ಎಷ್ಟು ದೂರ ಎಂದು ಕೇಳುತ್ತಾರೆ. ಸಮುದ್ರದಿಂದ ದೂರದ ಕಾರ್ಕಳದವರೆಂದರೆ ಅವರಿಗೆ ತುಸು ಬೇಸರ. ಅಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಧಾನ. ಕಡಲ ಬದಿಯ ಹೆಜಮಾಡಿಯವರಾದರೆ, "ವರ್ಷವೂ ಮಳೆ ನಿಂತ ಮೇಲೆ ಎಣ್ಣೆಗೆ ತರ್ಬೇಕು, ಇಲ್ಲದಿದ್ರೆ ಮಾಡಿ ಕೊಡ್ಲಿಕ್ಕಿಲ್ಲ" ಎಂಬ ಕರಾರು. ತುಕ್ಕು ಉಜ್ಜಿ ಎಣ್ಣೆ ಹಚ್ಚಲು ಕಾಸು ಮುಟ್ಟುವುದಿಲ್ಲ. ಬಂದವರು ಕೂತು ಚಹಾ ಕುಡಿದು, ಮನೆಯ ಸುದ್ದಿ ಹೇಳಿ ಹೋಗಬೇಕು. ಒಂದು ಕಾಲಕ್ಕೆ ನವರಾತ್ರಿಯ ಹೊತ್ತಿಗೆ ಅಂಗಳದ ಗೋಡೆಗೆ ನಲವತ್ತು ಚೌಕಟ್ಟುಗಳು ಒರಗಿರುತ್ತಿದ್ದವು, ಒಳಗೆ ಬಗೆಬಗೆಯ ಚಿತ್ರಗಳು: ದೋಣಿ, ನವಿಲು, ಯಾರದೋ ಮಗಳು ಬರೆದ ಮೂರು ಕಾಲಿನ ಆನೆ. ಈ ವರ್ಷ ಬಂದದ್ದು ಟೀಚರದ್ದು ಒಂದೇ. ಚಹಾ ಕುಡಿಯುತ್ತಿದ್ದ ಟೀಚರ ಕಣ್ಣಿಗೆ ಮೂಲೆಯಲ್ಲಿದ್ದ, ತುಕ್ಕು ತಡೆಯುವ ಬಣ್ಣದ ಡಬ್ಬಿ ಬಿತ್ತು. ಧೂಳು ಹಿಡಿದಿತ್ತು, ಮುಚ್ಚಳ ತೆರೆದಿರಲಿಲ್ಲ. ಟೀಚರ್ ಅದನ್ನು ಕೈಗೆತ್ತಿಕೊಂಡರು. "ಇದನ್ನು ಬಳಿದರೆ ಹತ್ತು ವರ್ಷ ತುಕ್ಕೇ ಹಿಡಿಯುವುದಿಲ್ಲ, ಅಲ್ವಾ ಆಚಾರ್ರೇ?" ಆಚಾರ್ರು ಚೌಕಟ್ಟಿನಿಂದ ಕಣ್ಣು ತೆಗೆಯಲಿಲ್ಲ. "ಹಿಡಿಯುವುದಿಲ್ಲ. ಹತ್ತು ವರ್ಷ ನೀವೂ ಬರುವುದಿಲ್ಲ." ಟೀಚರ್ ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟರು. "ಎಣ್ಣೆಯೇ ಹಚ್ಚಿ ಮಾರಾಯ್ರೇ, ಶನಿವಾರ ಬರ್ತೇನೆ" ಎಂದು ಹೇಳಿ ಕಾಪುವಿನ ಬಸ್ಸು ಹತ್ತಿದರು.