ಪದ್ಮಾವತಿಬಾಯಿ ಬಚ್ಚಿಟ್ಟ ಬ್ರಶ್ಶು

ಪದ್ಮಾವತಿಬಾಯಿಗೆ ಹೆದರಲು ಕಾರಣವೇ ಬೇಕಿರಲಿಲ್ಲ. ಹಗ್ಗ ಕಂಡರೂ ಹಾವೆನ್ನುವ ಜೀವ. ಗಂಡ ಹಯವದನರಾಯರ ರೈಲ್ವೆ ನೌಕರಿಯ ಹಿಂದೆ ಧಾರವಾಡ ಬಿಟ್ಟು ಗುಜರಾತಿನ ಬಡೋದೆಗೆ ಬಂದು ವರ್ಷಗಳಾಗಿದ್ದರೂ ಒಬ್ಬಳೇ ದೊಡ್ಡ ರಸ್ತೆ ದಾಟಿದವಳಲ್ಲ. ಆದರೆ ೧೯೬೬ರ ಮಳೆಗಾಲದಲ್ಲಿ ಅವಳ ಹೆದರಿಕೆಗೆ ನಿಜವಾದ ಕಾರಣವೇ ಸಿಕ್ಕಿತು.

ಹನ್ನೆರಡರ ಮಗಳು ತಾರಾಳ ಉಬ್ಬುಹಲ್ಲು ಸರಿಪಡಿಸಲು ಅಹಮದಾಬಾದಿನ ಹಲ್ಲಿನ ಡಾಕ್ಟರು ಹಲ್ಲಿಗೆ ಲೋಹದ ಪಟ್ಟಿ ಹಾಕಿ ತಂತಿ ಕಟ್ಟಿದ್ದರು. ಹಲ್ಲು ಹಿಂದೆ ಸರಿಯುತ್ತಿದ್ದದ್ದೇನೋ ಹೌದು. ಆದರೆ ವಸಡು ಕೆಂಪಗೆ ಊದಿತ್ತು, ಬ್ರಶ್ಶು ತಾಗಿದರೆ ಸಾಕು, ರಕ್ತ. ಪದ್ಮಾವತಿಬಾಯಿ ಮುಂದಿನ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಲ್ಲು ಅಲ್ಲಾಡುತ್ತಿತ್ತು. ತನ್ನ ತಾಯಿಗೆ ನಲವತ್ತಕ್ಕೇ ಬಾಯಿ ಬೊಚ್ಚಾಗಿತ್ತು. ಅದೂ ಹೀಗೆಯೇ ರಕ್ತದಿಂದ ಶುರುವಾಗಿದ್ದು.

"ಗಾಯದ ಮ್ಯಾಲೆ ಯಾರರ ಬ್ರಶ್ ತಿಕ್ಕತಾರೇನು? ಉಪ್ಪುನೀರಿಲೆ ಮುಕ್ಕಳಿಸು, ಸಾಕು," ಎಂದು ಬ್ರಶ್ಶನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಗಂಡನಿಗೂ ಹೇಳಲಿಲ್ಲ. ತಿಂಗಳೊಳಗೆ ವಸಡು ಪಟ್ಟಿಯನ್ನೇ ಮುಚ್ಚುವಷ್ಟು ಉಬ್ಬಿತು. ದೇವರ ಮುಂದೆ ತುಪ್ಪದ ದೀಪ ಹೆಚ್ಚಾದವು, ಊತ ಮಾತ್ರ ಇಳಿಯಲಿಲ್ಲ.

ಮುಂದಿನ ಸಲ ಅಹಮದಾಬಾದಿಗೆ ಹೋದಾಗ ರಾಯರು ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ತಾಯಿ ಮಗಳು ಒಳಗೆ ಹೋದರು. ಹಲ್ಲು ಉಜ್ಜುವುದಿಲ್ಲವೇ ಎಂದು ಡಾಕ್ಟರು ಗುಜರಾತಿಯಲ್ಲಿ ಕೇಳಿದರು. ತಾರಾಗೆ ಕನ್ನಡಕ್ಕಿಂತ ಗುಜರಾತಿಯೇ ಸಲೀಸು. ನಾನೇ ಆಲಸ್ಯ ಮಾಡಿದೆ ಎಂದಳು, ಅವ್ವನ ಕಡೆ ನೋಡದೆ.

ಅಷ್ಟು ಗುಜರಾತಿ ಪದ್ಮಾವತಿಬಾಯಿಗೂ ತಿಳಿಯುತ್ತಿತ್ತು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. "ಇಲ್ರೀ, ಆಕೀದೇನೂ ತಪ್ಪಿಲ್ಲ. ನಾನ ಬ್ಯಾಡಂದೆ," ಎಂದು ಕನ್ನಡದಲ್ಲೇ ಹೇಳಿಬಿಟ್ಟು, ಅದನ್ನು ಮಗಳ ಬಾಯಿಂದಲೇ ಗುಜರಾತಿಯಲ್ಲಿ ಹೇಳಿಸಿದಳು.

ಡಾಕ್ಟರು ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು. ಅವರ ಮಾತನ್ನು ತಾರಾ ತಡವರಿಸುತ್ತ ಹೇಳಿದಳು: "ಸರಿಯೋ ಹಲ್ಲು ಸ್ವಲ್ಪ ಅಲ್ಲಾಡತಾವಂತ, ಆಮ್ಯಾಲೆ ಗಟ್ಟಿ ಆಗ್ತಾವಂತ. ರಕ್ತ ಬರೋದು ಪಟ್ಟಿ ಸುತ್ತ ಕೂತ ಹೊಲಸಿಗೆ. ಹಂಗ ಬಿಟ್ಟರ ಎಲುಬಿಗೆ ಇಳೀತದಂತ. ಆಮ್ಯಾಲೆ..." ಹುಡುಗಿ ಅವ್ವನ ಕಡೆ ತಿರುಗಿದಳು. "ಆಮ್ಯಾಲೆ ಹಲ್ಲು ನಿಲ್ಲೂದಿಲ್ಲಂತ, ಅವ್ವಾ."

ತಂತಿ ಸಡಿಲಿಸಿ, ತಿಂಗಳಲ್ಲಿ ಊತ ಇಳಿಯದಿದ್ದರೆ ಪಟ್ಟಿಯನ್ನೇ ಬಿಚ್ಚುವೆನೆಂದು ಡಾಕ್ಟರು ಕಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಮಗಳನ್ನು ಬಚ್ಚಲಲ್ಲಿ ಕೂರಿಸಿ ಪದ್ಮಾವತಿಬಾಯಿ ತಾನೇ ಬ್ರಶ್ಶು ಹಿಡಿದಳು. ಮೊದಲ ಸಲಕ್ಕೇ ನೊರೆ ಕೆಂಪಾಯಿತು, ಕೈ ಅಲ್ಲೇ ನಿಂತುಬಿಟ್ಟಿತು. "ನಿಲ್ಲಿಸಬ್ಯಾಡ," ಎಂದಳು ತಾರಾ ಬಾಯಿತುಂಬ ನೊರೆ ಇಟ್ಟುಕೊಂಡೇ. ತಾಯಿ ಕಣ್ಣೀರು ಸುರಿಸುತ್ತ ಉಜ್ಜಿದಳು. ದಿನವೂ ಅದೇ ಕೆಂಪು ನೊರೆ. ಹೆತ್ತ ಮಗಳ ಬಾಯಲ್ಲಿ ತನ್ನ ಕೈಯಿಂದಲೇ ರಕ್ತ ಬರಿಸುವುದು ಯಾವ ತಾಯಿಗೂ ಬೇಡದ ಕೆಲಸ.

ತಿಂಗಳು ತುಂಬುವ ಮೊದಲು ಒಂದು ಬೆಳಿಗ್ಗೆ ನೊರೆ ಬೆಳ್ಳಗೇ ಬಂತು. ಹಿಗ್ಗಬೇಕಾದವಳು ಬೆಚ್ಚಿಬಿದ್ದಳು. ತನ್ನ ಹೆದರುಪುಕ್ಕ ಕೈ ಬರೀ ಮೇಲೆ ಮೇಲೆ ಆಡಿತೇನೋ ಎಂದು ವಸಡಿನ ಅಂಚಿಗೇ ತಾಗಿಸಿ ಮತ್ತೊಮ್ಮೆ ಉಜ್ಜಿದಳು. ಮತ್ತೂ ಬೆಳ್ಳಗೇ ಬಂತು. ಮಗಳ ಗಲ್ಲ ಹಿಡಿದುಕೊಂಡು ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

"ಸಾಲಿಗೆ ಹೊತ್ತಾತು, ಬಿಡವ್ವಾ," ಎಂದಳು ತಾರಾ.

ಅವಳು ಬಿಡಲಿಲ್ಲ.