ಹುಳುಮನೆಯ ಬಾಗಿಲಲ್ಲಿ ಜ್ಯೋತಿಲಕ್ಷ್ಮಿ

ಹೊಂಗನೂರಿನ ಜ್ಯೋತಿಲಕ್ಷ್ಮಿ ಹೋದ ಗುರುವಾರ ತೀರಿಕೊಂಡಳು. ನಲವತ್ತು ತುಂಬಿರಲಿಲ್ಲ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನ ಸಂಜೆ ಜ್ವರದಲ್ಲಿ ಕುಸಿದುಬಿದ್ದವಳಿಗೆ ಆಸ್ಪತ್ರೆಯಲ್ಲಿ ಎಚ್ಚರವಾಗಲೇ ಇಲ್ಲ. ಲಿವರ್‌ನಲ್ಲಿ ಕೀವು ಕಟ್ಟಿತ್ತು, ಈ ಕಾಯಿಲೆಯವರಿಗೆ ಹಾಗಾಗುವುದುಂಟು ಎಂದರು ಡಾಕ್ಟರು.

ಕಾಯಿಲೆ ಹುಟ್ಟಿನಿಂದ ಬಂದದ್ದು. ಅವಳ ತಾಯಿ ಸೋದರಮಾವನನ್ನೇ ಮದುವೆಯಾಗಿದ್ದರು. ಇಬ್ಬರಲ್ಲೂ ಅಡಗಿದ್ದ ದೋಷ ಮಗಳಲ್ಲಿ ಕೂಡಿತು, ತಮ್ಮ ಗಂಗರಾಜುವಿಗೆ ತಟ್ಟಲಿಲ್ಲ. ಅಂಗೈ ಅಂಗಾಲಿನ ಚರ್ಮ ದಪ್ಪಗಟ್ಟಿ, ಬಿರಿದು, ಬಿಳಿ ಹೊಟ್ಟಾಗಿ ಉದುರುತ್ತಿತ್ತು. ಒಂದೇ ತರಗತಿಯಲ್ಲಿದ್ದ ಅವಳೂ ನಾನೂ ಹೈಸ್ಕೂಲು ಮುಗಿಸುವ ಹೊತ್ತಿಗೆ ಅವಳ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಆಗ ಜನ ಕೈಯನ್ನು ನೋಡುತ್ತಿದ್ದರು. ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಊರು ನಂಬಲಿಲ್ಲ.

ಅವಳಿಗೆ ಬೇಕಿದ್ದ ಕೆಲಸ ರೇಷ್ಮೆ ಹುಳು ಸಾಕುವುದೊಂದೇ. ಹೋದ ವರ್ಷ ಚಳಿಯಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಸತ್ತ ಹುಳು ಸೀಮೆಸುಣ್ಣದ ಚೂರಿನಂತೆ ಬೆಳ್ಳಗೆ ಗಡುಸಾಗುತ್ತದೆ. ಗಂಗರಾಜುವಿನ ಹೆಂಡತಿ ಸಿಂಧು ಆ ಹುಳುವನ್ನು ನೋಡಿದಳು, ಅತ್ತಿಗೆಯ ಅಂಗೈ ನೋಡಿದಳು.

“ಅತ್ಗೆ, ನೀವು ಇನ್ಮೇಲೆ ಹುಳದ ಮನೆ ಒಳೀಕೆ ಬರ್ಬ್ಯಾಡಿ.”

“ನನ್ ಕೈಯೇನು ಸುಣ್ಣದ್ ಗಡಿಗೆಯಾ? ಹಂಗಿದ್ರೆ ಹಬ್ಬಕ್ಕೆ ಗೋಡೆ ಮ್ಯಾಲೆ ಒಸಿ ಸವರ್ಬುಡ್ತೀನಿ, ತಕ್ಕೋ.”

ಸಿಂಧು ನಗಲಿಲ್ಲ. ಮುಂದಿನ ಬೆಳೆಗೆ ಜ್ಯೋತಿ ಹೊಸ್ತಿಲು ದಾಟಲಿಲ್ಲ, ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಕೂಡ ಮುಟ್ಟಲಿಲ್ಲ. ಆದರೂ ಹುಳು ಸುಣ್ಣಕಟ್ಟಿತು.

“ಈಗೇನಂತೀಯವ್ವ?” ಎಂದಳು ಜ್ಯೋತಿ.

“ಬಾಗ್ಲಲ್ಲಿ ನಿಂತ್ಕೊಂಡು ನೋಡ್ತಿದ್ರಲ್ಲ,” ಎಂದಳು ಸಿಂಧು.

ಆಮೇಲೆ ಗಂಗರಾಜು ಹುಳುಮನೆಯನ್ನು ಔಷಧಿ ಹಾಕಿ ತೊಳೆಸಿ, ತೇವ ಆರಿಸಿದ. ಈ ಸಲದ ಹುಳು ಚೆನ್ನಾಗಿ ಬಂದು, ಒಂದೇ ಮಧ್ಯಾಹ್ನ ಎಲ್ಲವೂ ಹಣ್ಣಾದವು. ಹಣ್ಣಾದ ಹುಳುವನ್ನು ಆಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ರೇಷ್ಮೆಯೆಲ್ಲ ಸೊಪ್ಪಿನ ಪಾಲು. ಆಳು ಸಿಗಲಿಲ್ಲ. ನನ್ನನ್ನು ಕರೆದರು, ಕೊನೆಗೆ, ಜ್ವರದಲ್ಲಿ ಮಲಗಿದ್ದ ಜ್ಯೋತಿಯನ್ನೂ.

ಅವಳು ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿದಳು. ಬಿರುಕುಗಳು ಉರಿದಿರಬೇಕು. ನಮಗಿಂತ ಬೇಗ ಒಂದು ಚಂದ್ರಿಕೆ ತುಂಬಿಸಿದಳು. ಸಿಂಧು ಅದನ್ನೆತ್ತಿ, ಉಳಿದವುಗಳ ಜೊತೆ ಇಡದೆ, ದೂರದ ಮೂಲೆಗೆ ಒರಗಿಸಿ ಹೊರಗೆ ಹೋದಳು.

ಜ್ಯೋತಿ ಎದ್ದಳು. ಗೋಡೆ ಹಿಡಿದುಕೊಂಡು ಮೂಲೆಗೆ ಹೋಗಿ, ಹುಳು ಅಲುಗದಂತೆ ಆ ಚಂದ್ರಿಕೆಯನ್ನು ತಂದು, ಉಳಿದ ಚಂದ್ರಿಕೆಗಳ ಸಾಲಿನ ನಡುವೆ ನಿಲ್ಲಿಸಿದಳು.